ಮುರಿದ ಹರಿಕೇನ್ ಮತ್ತೆ ಕಟ್ಟೋದು ಹೇಗೆ?

ನಮ್ಮ ಏರೋಮಾಡೆಲಿಂಗ್ ತಂಡದ ಮೇಜಿನ ಮೇಲೆ ಈಗ ಒಂದು ಹಾಕರ್ ಹರಿಕೇನ್ ಇದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನದ ಐದನೇ ಒಂದರ ಅಳತೆಯ ರೇಡಿಯೋ ಕಂಟ್ರೋಲ್ ಮಾಡೆಲ್ ಅದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 2.44 ಮೀಟರ್. ಹಿರಿಯ ಹವ್ಯಾಸಿಯೊಬ್ಬರು ಪೆಟ್ರೋಲ್ ಎಂಜಿನ್ ಹಾಕಿ ವರ್ಷಗಟ್ಟಲೆ ಹಾರಿಸಿದ್ದರು. ಒಂದು ದಿನ ಎಡರೆಕ್ಕೆ ಮೊದಲು ನೆಲಕ್ಕೆ ತಾಗಿ ಬಿತ್ತಂತೆ. ತುಂಡುಗಳನ್ನು ಒಂದೂ ಬಿಡದೆ ಆರಿಸಿ, ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿ ನಮಗೆ ಕೊಟ್ಟರು. ಈಗ ಅದನ್ನು ಎಲೆಕ್ಟ್ರಿಕ್ ವಿಮಾನವಾಗಿ ಮತ್ತೆ ಕಟ್ಟುತ್ತಿದ್ದೇವೆ.

"ಅಂಟು ಹಾಕಿ ಜೋಡಿಸಿದ್ರೆ ಆಯ್ತಲ್ವಾ?" ಅಂತ ಹಾಸ್ಟೆಲ್‌ನಲ್ಲಿ ಕೇಳೋರೇ ಜಾಸ್ತಿ. ಅಷ್ಟಕ್ಕೇ ಮುಗಿಯಲ್ಲ. ಹಾರಲು ಸಿದ್ಧವಾದಾಗ ಇದರ ತೂಕ ಸುಮಾರು 11 ಕೆಜಿ ಇರುತ್ತೆ. ಗಾಳಿಯಲ್ಲಿ ರೆಕ್ಕೆ ಮಡಚಿಕೊಂಡರೆ ಅದು ಎಲ್ಲಿ ಬೀಳುತ್ತೆ, ಕೆಳಗೆ ಯಾರಿರ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಅಂಟಿನ ಬಾಟಲಿ ತೆರೆಯೋ ಮುಂಚೆ ಯಾವ ಯಾವ ಲೆಕ್ಕ ಹಾಕಬೇಕು, ಏನೇನು ನೋಡಬೇಕು ಅನ್ನೋದನ್ನ ಇಲ್ಲಿ ಬರೆದಿದ್ದೇವೆ. ಮೆಕ್ಯಾನಿಕಲ್‌ನವರಿಗೆ ಎರಡನೇ ವರ್ಷದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಸಾಕು. ಉಳಿದವರೂ ಧೈರ್ಯವಾಗಿ ಓದಬಹುದು, ಗುಣಾಕಾರ ಭಾಗಾಕಾರ ಬಿಟ್ಟು ಬೇರೇನೂ ಇಲ್ಲ.

ಮೊದಲು ನಿಜವಾದ ವಿಮಾನದ ಬಗ್ಗೆ ಸ್ವಲ್ಪ. ಸಿಡ್ನಿ ಕ್ಯಾಮ್ ವಿನ್ಯಾಸ ಮಾಡಿದ ಹರಿಕೇನ್ 1935ರ ನವೆಂಬರ್ 6ರಂದು ಮೊದಲ ಸಲ ಹಾರಿತು. ಎಲ್ಲರ ಬಾಯಲ್ಲೂ ಇರೋದು ಸ್ಪಿಟ್‌ಫೈರ್ ಹೆಸರೇ ಆದರೂ, 1940ರ ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಹೆಚ್ಚು ಶತ್ರು ವಿಮಾನಗಳನ್ನು ಕೆಡವಿದ್ದು ಹರಿಕೇನ್. ನಮಗೂ ಇದಕ್ಕೂ ನಂಟಿದೆ: 1944ರಲ್ಲಿ ಇಂಫಾಲ್‌ನಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ ಭಾರತೀಯ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್ ಹಾರಿಸಿದ್ದು ಇದನ್ನೇ. ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂಗೆ ಹೋದರೆ ಒಂದು ಹರಿಕೇನ್ ನೋಡಬಹುದು.

ನಮಗೆ ಮುಖ್ಯವಾದದ್ದು ಅದರ ಮೈಕಟ್ಟು. ಸ್ಪಿಟ್‌ಫೈರ್‌ನ ಒಡಲು ಲೋಹದ ತೊಗಲಿನದ್ದು, ತೊಗಲೇ ಭಾರ ಹೊರುತ್ತೆ. ಹರಿಕೇನ್ ಹಾಗಲ್ಲ. ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಅದರ ಸುತ್ತ ಮರದ ಫಾರ್ಮರ್‌ಗಳು, ಉದ್ದಕ್ಕೆ ಮರದ ಸ್ಟ್ರಿಂಗರ್‌ಗಳು, ಮೇಲೆ ಡೋಪ್ ಬಳಿದು ಬಿಗಿ ಮಾಡಿದ ಲಿನನ್ ಬಟ್ಟೆ. ಕೊಳವೆಗಳನ್ನು ವೆಲ್ಡ್ ಮಾಡಿರಲಿಲ್ಲ, ಪ್ಲೇಟು ಇಟ್ಟು ಬೋಲ್ಟು ರಿವೆಟ್ ಹಾಕಿ ಜೋಡಿಸಿದ್ದರು. ಹೀಗಾಗಿ ಗುಂಡು ತಾಗಿದ ವಿಮಾನದಲ್ಲಿ ಕೆಟ್ಟ ಕೊಳವೆಯೊಂದನ್ನೇ ಬಿಚ್ಚಿ ಬದಲಾಯಿಸಿ, ಮೇಲೆ ಬಟ್ಟೆಯ ತೇಪೆ ಹಾಕಿದರೆ ಅದು ಮತ್ತೆ ಹಾರಲು ತಯಾರು. ಹಳೇ ಕಾಲದ ತಂತ್ರಜ್ಞಾನ ಅಂತ ಮೂಗು ಮುರಿಯೋರಿಗೆ ನಮ್ಮ ಉತ್ತರ ಇಷ್ಟೇ: ಯುದ್ಧದಲ್ಲಿ ವೇಗ ಎಷ್ಟು ಮುಖ್ಯವೋ, ರಿಪೇರಿ ಆಗೋ ಗುಣವೂ ಅಷ್ಟೇ ಮುಖ್ಯ. ಮಾಡೆಲ್ ಕಟ್ಟೋರಿಗಂತೂ ಇದು ವರ. ಮರ, ಸ್ಟ್ರಿಂಗರ್, ಬಟ್ಟೆ ಅಂದ್ರೆ ದೊಡ್ಡ ಹರಿಕೇನ್‌ನ ಹಿಂಭಾಗವೇ ಅರ್ಧ ಮಾಡೆಲ್ ಇದ್ದಂಗೆ.

ಈಗ ಪೆಟ್ಟಿಗೆ ಬಿಚ್ಚೋಣ. ಮೊದಲ ಕೆಲಸ ತೂಗೋದು. ಪ್ರತಿ ತುಂಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ಬರೆದಿಡಬೇಕು. ಆಮೇಲೆ ಸೇರಿಸೋ ಒಂದೊಂದು ಪ್ಲೈವುಡ್ ಚೂರು, ಒಂದೊಂದು ಚಮಚ ಎಪಾಕ್ಸಿ ಆ ಪುಸ್ತಕದಲ್ಲಿ ಏರುತ್ತಾ ಹೋಗುತ್ತೆ. ಇಷ್ಟು ಜಿಪುಣತನ ಯಾಕೆ ಅಂದ್ರೆ, ಅಳತೆ ಐದನೇ ಒಂದಾದರೆ ರೆಕ್ಕೆಯ ವಿಸ್ತೀರ್ಣ 25ನೇ ಒಂದು, ಗಾತ್ರ 125ನೇ ಒಂದು. ಮೊದಲ ಮಾದರಿಯ ಹರಿಕೇನ್ ಹಾರುವಾಗ ಸುಮಾರು 3000 ಕೆಜಿ ಇತ್ತು, ರೆಕ್ಕೆ ಸುಮಾರು 23.9 ಚದರ ಮೀಟರ್. ಹಾಗೇ ಕುಗ್ಗಿಸಿದರೆ 24 ಕೆಜಿ ತೂಕಕ್ಕೆ 0.96 ಚದರ ಮೀಟರ್ ರೆಕ್ಕೆ. ಅಷ್ಟು ಭಾರವಾದ ಮಾಡೆಲನ್ನು ನಮ್ಮಂಥವರು ಇಳಿಸೋದು ಕಷ್ಟ. 11 ಕೆಜಿಯಲ್ಲಿ ನಿಲ್ಲಿಸಿದರೆ ಪ್ರತಿ ಚದರ ಮೀಟರ್ ಮೇಲೆ ಹನ್ನೊಂದೂವರೆ ಕೆಜಿ ಬೀಳುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ ಸುಮಾರು 1.1 ಕೆಜಿ. ಲಿಫ್ಟ್ ಗುಣಾಂಕ ಗರಿಷ್ಠ 1.2 ಅಂತ ಇಟ್ಟುಕೊಂಡರೆ ಸ್ಟಾಲ್ ವೇಗ ಸೆಕೆಂಡಿಗೆ 13 ಮೀಟರ್, ಅಂದ್ರೆ ಗಂಟೆಗೆ 47 ಕಿಲೋಮೀಟರ್ ಆಸುಪಾಸು.

ಈಗ ರಿಪೇರಿ ನೆಪದಲ್ಲಿ ಒಂದು ಕೆಜಿ ಜಾಸ್ತಿ ಆಯ್ತು ಅಂದುಕೊಳ್ಳಿ. ತೂಕ ಏರಿದ್ದು ಶೇ. 9 ಮಾತ್ರ. ಆದರೆ ಸ್ಟಾಲ್ ವೇಗವೂ ಏರುವುದರಿಂದ ನೆಲ ಮುಟ್ಟುವಾಗಿನ ಚಲನಶಕ್ತಿ ಶೇ. 19 ಏರುತ್ತೆ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಇಲ್ಲಿ ಹನಿ ಅಂದ್ರೆ ಎಪಾಕ್ಸಿ.

ಎರಡನೇ ಕೆಲಸ ಗಾಯ ಹುಡುಕೋದು. ಎಡರೆಕ್ಕೆ ಮೂರು ತುಂಡಾಗಿದೆ, ಅದರ ಬಗ್ಗೆ ಅನುಮಾನ ಇಲ್ಲ. ಬಲರೆಕ್ಕೆ ಮಾತ್ರ ಬಣ್ಣ ಕೂಡ ಕಿತ್ತಿಲ್ಲ, ಹೊಸದರಂತಿದೆ. ನಮ್ಮ ಪ್ರಕಾರ ಜಾಸ್ತಿ ಅಪಾಯಕಾರಿ ಈ ಬಲರೆಕ್ಕೆಯೇ. ವಿಮಾನದ ಎಡತುದಿ ಥಟ್ಟನೆ ನಿಂತಾಗ ಬಲರೆಕ್ಕೆ ತನ್ನ ಜಡತ್ವದಿಂದ ಮುಂದಕ್ಕೂ ಕೆಳಕ್ಕೂ ಬೀಸಿರುತ್ತೆ. ಆ ಬೀಸಿಗೆ ಒಳಗಿನ ಸ್ಪಾರ್, ಅಂದ್ರೆ ರೆಕ್ಕೆಯ ಬೆನ್ನುಮೂಳೆ, ಒತ್ತಡಕ್ಕೆ ಸಿಕ್ಕಿರುತ್ತೆ. ಮರ ಎಳೆತದಲ್ಲಿ ಹರಿದರೆ ಸಿಬಿರು ಎದ್ದು ಕಣ್ಣಿಗೆ ಕಾಣುತ್ತೆ. ಒತ್ತಡದಲ್ಲಿ ಸೋತರೆ ನಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಒಂದು ಸುಕ್ಕು ಬೀಳುತ್ತೆ, ಅಷ್ಟೇ. ಮೇಲೆ ತಳುಕು, ಒಳಗೆ ಹುಳುಕು.

ಅದನ್ನು ಹುಡುಕಲು ಬಟ್ಟೆ ಸುಲಿಯದೆ ಬೇರೆ ದಾರಿ ಇಲ್ಲ. ಕಷ್ಟಪಟ್ಟು ಬಳಿದ ಬಣ್ಣ, ಸಂಕಟ ಆಗುತ್ತೆ, ಆದರೂ ಸುಲಿಯಬೇಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಸ್ಪಾರ್‌ನ ಪಕ್ಕಕ್ಕೆ ಮಲಗಿಸಿ ಹಿಡಿದರೆ ಸುಕ್ಕಿನ ನೆರಳು ಗೆರೆಯಾಗಿ ಕಾಣುತ್ತೆ. ಪ್ಲೈವುಡ್ ಪದರ ಬಿಟ್ಟಿದೆಯಾ ಅಂತ ನೋಡಲು ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ: ಗಟ್ಟಿ ಜಾಗ ಟಣ್ ಅನ್ನುತ್ತೆ, ಬಿಟ್ಟ ಜಾಗ ಡಬ್ ಅನ್ನುತ್ತೆ. ನಮ್ಮ ಬಲರೆಕ್ಕೆಯಲ್ಲಿ ಬುಡದಿಂದ ಒಂದು ಗೇಣು ದೂರದಲ್ಲಿ, ಕೆಳಗಿನ ಫ್ಲ್ಯಾಂಜ್‌ನಲ್ಲಿ ಅಂಥದ್ದೊಂದು ಸುಕ್ಕು ಸಿಕ್ಕಿದೆ. ಅಂಟು ಸುರಿದರೆ ಅದು ವಾಸಿಯಾಗಲ್ಲ, ನಾರೇ ಮುರಿದಿರುತ್ತೆ. ಆ ಭಾಗ ಕತ್ತರಿಸಿ ಹೊಸ ಮರ ಸೇರಿಸಬೇಕು.

ಯಾಕಿಷ್ಟು ಹಠ ಅನ್ನೋದಕ್ಕೆ ಲೆಕ್ಕ ನೋಡಿ. ಡೈವ್‌ನಿಂದ ಮೇಲೆಳೆಯುವಾಗ 6 ಜಿ ಬಂತು ಅಂದುಕೊಳ್ಳೋಣ. 11 ಕೆಜಿಯ ವಿಮಾನ 66 ಕೆಜಿ ಆದಂತೆ, ಒಂದೊಂದು ರೆಕ್ಕೆಗೆ 33 ಕೆಜಿ, ಸುಮಾರು 324 ನ್ಯೂಟನ್. ಲಿಫ್ಟ್ ದೀರ್ಘವೃತ್ತದಂತೆ ಹಂಚಿದ್ದರೆ ಈ ಬಲ ಬುಡದಿಂದ ಅರ್ಧ ಮೀಟರ್‌ಗಿಂತ ಚೂರು ಆಚೆ, 0.52 ಮೀಟರ್‌ನಲ್ಲಿ ಕೆಲಸ ಮಾಡುತ್ತೆ. ಬೆಂಡಿಂಗ್ ಮೊಮೆಂಟ್ ಸುಮಾರು 168 ನ್ಯೂಟನ್-ಮೀಟರ್. ಸ್ಪಾರ್‌ನ ಮೇಲಿನ ಮತ್ತು ಕೆಳಗಿನ ಫ್ಲ್ಯಾಂಜ್‌ಗಳ ನಡುವೆ 80 ಮಿಮೀ ಅಂತರ ಇದೆ. ಭಾಗಿಸಿದರೆ ಪ್ರತಿ ಫ್ಲ್ಯಾಂಜ್ ಮೇಲೆ 2100 ನ್ಯೂಟನ್, ಅಂದ್ರೆ 210 ಕೆಜಿಗೂ ಮೀರಿದ ಬಲ. ಹತ್ತು ಮಿಮೀ ಚೌಕದ ಒಂದು ಮರದ ಕಡ್ಡಿಯ ಮೇಲೆ ಮೂರು ಜನ ದೊಡ್ಡವರು ನಿಂತ ಹಾಗೆ! ಒತ್ತಡ 21 ಮೆಗಾಪ್ಯಾಸ್ಕಲ್. ಒಳ್ಳೆ ಸ್ಪ್ರೂಸ್ ಮರ ಇದನ್ನು ತಡೆಯುತ್ತೆ, ಬಾಲ್ಸಾ ತಡೆಯಲ್ಲ. ಹರಿಕೇನ್‌ಗೆ ದಪ್ಪ ರೆಕ್ಕೆ ಇರೋದು ನಮ್ಮ ಪುಣ್ಯ. ಸ್ಪಾರ್‌ನ ಎತ್ತರ ಅರ್ಧ ಆಗಿದ್ದರೆ ಬಲ ಎರಡರಷ್ಟಾಗುತ್ತಿತ್ತು.

ಹೊಸ ಮರವನ್ನು ಹಳೇ ಮರಕ್ಕೆ ಸೇರಿಸೋದು ಹೇಗೆ? ತುದಿಗೆ ತುದಿ ಇಟ್ಟು ಅಂಟಿಸಿದರೆ ಪ್ರಯೋಜನ ಇಲ್ಲ. ಮರದ ನಾರಿನ ತುದಿ ಒಂದು ಕಟ್ಟು ಸ್ಟ್ರಾ ಇದ್ದಂತೆ, ಅಂಟು ಒಳಗೆ ಇಂಗಿಹೋಗುತ್ತೆ. ಎರಡೂ ತುಂಡುಗಳನ್ನು ಓರೆಯಾಗಿ ಸೀಳಿ, ಒಂದರ ಮೇಲೊಂದು ಮಲಗಿಸಿ ಅಂಟಿಸುವ ಸ್ಕಾರ್ಫ್ ಜೋಡಣೆಯೇ ಸರಿ. ದೊಡ್ಡ ಮರದ ವಿಮಾನಗಳ ರಿಪೇರಿಯಲ್ಲಿ ದಪ್ಪದ ಹತ್ತರಿಂದ ಹನ್ನೆರಡು ಪಟ್ಟು ಉದ್ದದ ಓರೆ ಇಡ್ತಾರೆ. ನಮ್ಮ 10 ಮಿಮೀ ಫ್ಲ್ಯಾಂಜ್‌ಗೆ 120 ಮಿಮೀ. ಹೀಗೆ ಮಾಡಿದಾಗ ಅಂಟು ಎಳೆತವನ್ನಲ್ಲ, ಶಿಯರನ್ನು ಹೊರುತ್ತೆ, ಅದೂ ಹನ್ನೆರಡು ಪಟ್ಟು ಜಾಗದಲ್ಲಿ ಹಂಚಿಕೊಂಡು. ಓರೆಯ ಮುಖವನ್ನು ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡೋಕೆ ಹೋಗಬೇಡಿ, ಧೂಳು ನಾರಿನ ಬಾಯಿ ಮುಚ್ಚುತ್ತೆ. ಹರಿತವಾದ ಉಳಿಯಲ್ಲೇ ಮುಗಿಸಿ. ಕ್ಲ್ಯಾಂಪನ್ನೂ ಸಿಕ್ಕಾಪಟ್ಟೆ ಬಿಗಿಯಬಾರದು, ಅಂಟೆಲ್ಲ ಹೊರಗೆ ಬಂದು ಒಣ ಜೋಡಣೆ ಉಳಿಯುತ್ತೆ.

ಇಲ್ಲಿ ಎಲ್ಲರಿಗೂ ಬರೋ ಆಸೆ ಒಂದಿದೆ: ಮುರಿದ ಜಾಗಕ್ಕೆ ದಪ್ಪ ಪ್ಲೈವುಡ್, ಮೇಲೊಂದಿಷ್ಟು ಕಾರ್ಬನ್ ಫೈಬರ್ ಬಡಿದುಬಿಡೋಣ, ಇನ್ನು ಜನ್ಮದಲ್ಲಿ ಮುರಿಯಲ್ಲ. ಆ ಜಾಗ ಮುರಿಯಲ್ಲ ನಿಜ. ಅದರ ಪಕ್ಕದ್ದು ಮುರಿಯುತ್ತೆ. ಗಡಸು ತೇಪೆ ಥಟ್ಟನೆ ಮುಗಿಯುವ ಕಡೆ ಒತ್ತಡವೆಲ್ಲ ಗುಂಪುಗೂಡುತ್ತೆ. ಅದಕ್ಕೆ ತೇಪೆಯ ಎರಡೂ ತುದಿಗಳನ್ನು ಚೂಪಾಗಿ, ತೆಳ್ಳಗೆ ಇಳಿಸಬೇಕು. ಬಲ ಒಂದು ಮರದಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟಬೇಕು, ಮೆಟ್ಟಿಲು ಹಾರಬಾರದು.

ಬಾಲದ ಕಡೆ ಇನ್ನೂ ಎಚ್ಚರ. ಗುರುತ್ವ ಕೇಂದ್ರದಿಂದ ಬಾಲ ಸುಮಾರು 1.1 ಮೀಟರ್ ಹಿಂದಿದೆ, ಮೂತಿಯ ಫೈರ್‌ವಾಲ್ ಮುಂದೆ 45 ಸೆಂಮೀ ಅಷ್ಟೇ. ಬಾಲದ ರಿಪೇರಿಯಲ್ಲಿ 100 ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂತಿಗೆ ಸುಮಾರು 245 ಗ್ರಾಂ ಸೀಸ ಬೇಕು. ಆದ್ದರಿಂದ ಬಾಲಕ್ಕೆ ಬಾಲ್ಸಾ, ತೆಳು ಬಟ್ಟೆ, ತೆಳು ಬಣ್ಣ. ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು.

ಇನ್ನು ಪೆಟ್ರೋಲ್ ತೆಗೆದು ಕರೆಂಟ್ ಹಾಕೋ ವಿಷಯ. ಇಂಥ ವಿಮಾನಕ್ಕೆ ಕೆಜಿಗೆ 250 ವ್ಯಾಟ್ ಅಂತ ಲೆಕ್ಕ ಹಿಡಿದರೆ ಒಟ್ಟು 2750 ವ್ಯಾಟ್ ಬೇಕು. ಹನ್ನೆರಡು ಸೆಲ್‌ಗಳ ಲೈಪೋ ಬ್ಯಾಟರಿ 44.4 ವೋಲ್ಟ್ ಕೊಡುತ್ತೆ, ಆಗ ಕರೆಂಟ್ 62 ಆಂಪಿಯರ್. ಇದೇ ಶಕ್ತಿಯನ್ನು ಆರು ಸೆಲ್‌ನಲ್ಲಿ ತೆಗೆಯಲು ಹೋದರೆ 124 ಆಂಪಿಯರ್ ಹರಿಯಬೇಕು, ವೈರಿನಲ್ಲಿ ಪೋಲಾಗುವ ಶಾಖ ನಾಲ್ಕು ಪಟ್ಟು. ಆರು ಸೆಲ್‌ನ, 5000 ಮಿಲಿ ಆಂಪಿಯರ್ ಅವರ್‌ನ ಎರಡು ಪ್ಯಾಕ್‌ಗಳನ್ನು ಸೀರೀಸ್‌ನಲ್ಲಿ ಕಟ್ಟಿದ್ದೇವೆ. ಸರಾಸರಿ 1200 ವ್ಯಾಟ್ ಬಳಸಿ, ಶೇ. 20 ಚಾರ್ಜ್ ಉಳಿಸಿ ಇಳಿಸಿದರೆ ಎಂಟರಿಂದ ಒಂಬತ್ತು ನಿಮಿಷ ಹಾರಾಟ. ಕಡಿಮೆ ಅನ್ನಿಸಬಹುದು. ಹಾರಿಸುವವನ ಕೈ ಬೆವರಲು ಅಷ್ಟು ಸಾಕು.

ಎರಡು ಪ್ಯಾಕ್ ಸೇರಿ ಒಂದೂವರೆ ಕೆಜಿ. ಇವನ್ನು 5 ಸೆಂಮೀ ಹಿಂದೆ ಮುಂದೆ ಸರಿಸಿದರೆ ಗುರುತ್ವ ಕೇಂದ್ರ ಸುಮಾರು 7 ಮಿಮೀ ಸರಿಯುತ್ತೆ. ಸೀಸ ಹೊರೋ ಬದಲು ಬ್ಯಾಟರಿಯ ತಟ್ಟೆಯನ್ನೇ ಉದ್ದ ಮಾಡಿದ್ದು ಇದಕ್ಕೇ. ತಟ್ಟೆಯ ಮುಂದೊಂದು ಗಟ್ಟಿ ತಡೆ ಇರಲೇಬೇಕು, ಬರೀ ವೆಲ್ಕ್ರೋ ಪಟ್ಟಿ ನಂಬಬೇಡಿ. ಒಂದು ಸಂಗತಿ ನೋಡಿ: ನಿಜವಾದ ಹರಿಕೇನ್‌ನಲ್ಲಿ ಕಾಕ್‌ಪಿಟ್ ಮುಂದೆ, ಎಂಜಿನ್ ಹಿಂದೆ ಮೀಸಲು ಪೆಟ್ರೋಲ್ ಟ್ಯಾಂಕ್ ಇತ್ತು. ಪೈಲಟ್‌ಗಳಿಗಿದ್ದ ಬೆಂಕಿಯ ಭಯಕ್ಕೆ ಅದೂ ಒಂದು ಕಾರಣ. ನಮ್ಮ ಲೈಪೋ ಕೂರೋದೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ. ಪೆಟ್ಟು ತಿಂದು ಉಬ್ಬಿದ ಪ್ಯಾಕನ್ನು ಮತ್ತೆ ಬಳಸೋದು, ಹಾಸ್ಟೆಲ್ ರೂಮಿನ ಮಂಚದ ಕೆಳಗೆ ಚಾರ್ಜ್‌ಗೆ ಇಟ್ಟು ಊಟಕ್ಕೆ ಹೋಗೋದು, ಇವೆರಡೂ ನಮ್ಮ ತಂಡದಲ್ಲಿ ನಿಷಿದ್ಧ.

ಬ್ಯಾಟರಿ ಜೋಡಿಸುವಾಗ ಚಟ್ ಅಂತ ಕಿಡಿ ಹಾರುತ್ತೆ, ಸ್ಪೀಡ್ ಕಂಟ್ರೋಲರ್‌ನ ಕೆಪ್ಯಾಸಿಟರ್‌ಗಳು ಒಮ್ಮೆಗೇ ತುಂಬಿಕೊಳ್ಳೋದರಿಂದ. ರೆಸಿಸ್ಟರ್ ಮೂಲಕ ಮೊದಲು ತುಂಬಿಸೋ ಆ್ಯಂಟಿ-ಸ್ಪಾರ್ಕ್ ಕನೆಕ್ಟರ್ ಹಾಕಿದರೆ ಪಿನ್ ಸುಡಲ್ಲ. ರಿಸೀವರ್‌ಗೂ ಸರ್ವೋಗಳಿಗೂ ಬೇರೆಯೇ ಬ್ಯಾಟರಿ ಕೊಡಿ. ಮೋಟರ್ ಕಡೆ ಏನೇ ಕೈಕೊಟ್ಟರೂ ರಡ್ಡರ್, ಎಲಿವೇಟರ್ ನಮ್ಮ ಮಾತು ಕೇಳುತ್ತಿರಬೇಕು. 20 ಇಂಚಿನ ಪ್ರೊಪೆಲರ್ ನಿಮಿಷಕ್ಕೆ 7000 ಸುತ್ತು ಸುತ್ತುವಾಗ ಅದರ ತುದಿಯ ವೇಗ ಗಂಟೆಗೆ 670 ಕಿಮೀ. ಪೆಟ್ರೋಲ್ ಎಂಜಿನ್ ಸದ್ದು ಮಾಡಿ ಎಚ್ಚರಿಸುತ್ತೆ, ಎಲೆಕ್ಟ್ರಿಕ್ ಮೋಟರ್ ಸುಮ್ಮನೆ ಇದ್ದದ್ದು ದಿಢೀರ್ ತಿರುಗುತ್ತೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರೊಪೆಲರ್ ಬಿಚ್ಚಿಡಿ.

ಕಾನೂನಿನ ಮಾತು ಚಿಕ್ಕದು. 2021ರ ಡ್ರೋನ್ ನಿಯಮಗಳಲ್ಲಿ 25 ಕೆಜಿ ಮೀರದ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್‌ಗಳಿಗೆ ಪ್ರತ್ಯೇಕ ವರ್ಗ ಇದೆ. ಆದರೂ ಜಾಗ ಯಾವ ವಲಯದಲ್ಲಿದೆ ಅಂತ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬೇಡಿ.

ಬಣ್ಣ ಯಾವಾಗ, ಗುರುತು ಯಾವ ಸ್ಕ್ವಾಡ್ರನ್‌ದು ಅಂತ ಜೂನಿಯರ್‌ಗಳು ದಿನಾ ಕೇಳ್ತಾರೆ. ಅದಕ್ಕೆ ಮುಂಚೆ ಮರಳಿನ ಪರೀಕ್ಷೆ ಇದೆ. ವಿಮಾನವನ್ನು ಬೆನ್ನು ಕೆಳಗೆ ಮಾಡಿ, ಒಡಲನ್ನು ಮಾತ್ರ ಆಧಾರದ ಮೇಲಿಟ್ಟು, ರೆಕ್ಕೆಗಳ ಮೇಲೆ ಮರಳಿನ ಪೊಟ್ಟಣ ಜೋಡಿಸೋದು. 33 ಕೆಜಿ ಪೂರ್ತಿ ಬೇಕಾಗಿಲ್ಲ. ಪ್ರತಿ ರೆಕ್ಕೆಯ ಸ್ವಂತ ತೂಕ 1.6 ಕೆಜಿ. 6 ಜಿಯಲ್ಲಿ ಲಿಫ್ಟ್‌ನ 9.6 ಕೆಜಿ ಭಾಗ ರೆಕ್ಕೆಯನ್ನೇ ಎತ್ತಲು ಹೋಗುತ್ತೆ, ಬಗ್ಗಿಸೋಕೆ ಉಳಿಯೋದು ಸುಮಾರು 23.4. ತಲೆಕೆಳಗಾಗಿ ಮಲಗಿದಾಗ ರೆಕ್ಕೆಯ 1.6 ಕೆಜಿಯೂ ಅದೇ ದಿಕ್ಕಿಗೆ ಬಗ್ಗಿಸುತ್ತೆ. ಅದನ್ನೂ ಕಳೆದರೆ ಪ್ರತಿ ರೆಕ್ಕೆಗೆ 22 ಕೆಜಿ ಮರಳು, ಅಂದ್ರೆ ಅರ್ಧ ಅರ್ಧ ಕೆಜಿಯ 44 ಪೊಟ್ಟಣ. ಬುಡದಲ್ಲಿ ಹೆಚ್ಚು, ತುದಿಗೆ ಹೋಗ್ತಾ ಕಡಿಮೆ, ಎರಡೂ ಕಡೆ ಸಮವಾಗಿ. ಪ್ರತಿ ಹತ್ತು ಪೊಟ್ಟಣಕ್ಕೊಮ್ಮೆ ತುದಿ ಎಷ್ಟು ಬಾಗಿತು ಅಂತ ಅಳೆದು ಗ್ರಾಫ್ ಎಳೆಯಬೇಕು. ಗೆರೆ ನೇರವಾಗಿದ್ದು, ಮರಳು ತೆಗೆದ ಮೇಲೆ ತುದಿ ತನ್ನ ಜಾಗಕ್ಕೆ ವಾಪಸ್ ಬಂದರೆ ಸರಿ. ಗೆರೆ ಬಾಗಿದರೆ, ಅಥವಾ ಒಳಗೆಲ್ಲೋ ಚಟಕ್ ಅಂದರೆ, ಬಟ್ಟೆ ಹೊದಿಸದೆ ಮತ್ತೆ ಉಳಿ ಹಿಡಿಯೋದು. ಪೊಟ್ಟಣ ಕಟ್ಟೋಕೆ ಈ ವಾರ ಕೈಗಳು ಬೇಕಾಗಿವೆ, ಯಾವ ಬ್ರಾಂಚ್ ಆದರೂ ಸರಿ.