ನಿಸ್ತಂತು ವಿದ್ಯೆಯ ಮೊದಲ ಪಾಠ

ಕೋಟೇಶ್ವರದ ಕೋಟಿತೀರ್ಥದ ಮೆಟ್ಟಿಲಲ್ಲಿ ಕುಳಿತು ನೀರಿಗೆ ಕಲ್ಲೊಂದನ್ನು ಎಸೆದರೆ ಅಲೆಗಳು ಬಳೆಬಳೆಯಾಗಿ ದಡವನ್ನು ಮುಟ್ಟುತ್ತವೆ. ದಡಕ್ಕೆ ಬರುವುದು ನೀರಲ್ಲ, ಚಲನೆ. ಹವ್ಯಾಸಿ ರೇಡಿಯೋ, ಅಂದರೆ ‘ಹ್ಯಾಮ್’ ವಿದ್ಯೆಯನ್ನು ಕಲಿಯಹೊರಟ ವಿದ್ಯಾರ್ಥಿ ಮೊದಲು ಮನಗಾಣಬೇಕಾದುದು ಇದನ್ನೇ. ಆದರೆ ಉಪಮಾನಕ್ಕೆ ಮಿತಿಯುಂಟು. ರೇಡಿಯೋ ತರಂಗಕ್ಕೆ ನೀರೂ ಬೇಡ, ಗಾಳಿಯೂ ಬೇಡ. ಶೂನ್ಯದಲ್ಲಿಯೂ ಅದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಿಂದ ಸಾಗುತ್ತದೆ. ಶಬ್ದವು ಆಕಾಶದ ಗುಣವೆಂಬ ತಾರ್ಕಿಕರ ಮತವನ್ನು ಹಿಡಿದು, ಪೂರ್ವಿಕರಿಗೆ ರೇಡಿಯೋ ತಿಳಿದಿತ್ತೆಂದು ವಾದಿಸುವವರಿದ್ದಾರೆ. ಅದು ಸಲ್ಲದು, ಈ ತರಂಗ ಶಬ್ದವೇ ಅಲ್ಲ, ಬೆಳಕಿನ ಕುಲಕ್ಕೆ ಸೇರಿದುದು. ಹೆಸರಿನ ಮಟ್ಟಿಗೆ ಕನ್ನಡನಾಡಿಗೆ ಹಿರಿಮೆಯುಂಟು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ಥಾಪಿಸಿದ ಪುಟ್ಟ ಬಾನುಲಿ ಕೇಂದ್ರವೇ ‘ಆಕಾಶವಾಣಿ’ ಎನಿಸಿತು. ಮುಂದೆ ಅದು ದೇಶದ ಬಾನುಲಿಗೇ ಹೆಸರಾಯಿತು.

ತಂತಿಯೊಳಗಿನ ವಿದ್ಯುತ್ತಿಗಾದರೋ ನೀರಿನ ಉಪಮಾನ ಚೆನ್ನಾಗಿ ಹೊಂದುತ್ತದೆ. ತೊಟ್ಟಿಯ ಎತ್ತರ ವೋಲ್ಟ್, ನೀರಿನ ಹರಿವು ಆಂಪಿಯರ್, ಕೊಳವೆಯ ಇಕ್ಕಟ್ಟು ಓಮ್. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. 12 ವೋಲ್ಟಿನ ಬ್ಯಾಟರಿಗೆ 6 ಓಮ್ ರೋಧವನ್ನು ಜೋಡಿಸಿದರೆ 2 ಆಂಪಿಯರ್ ಹರಿದು 24 ವ್ಯಾಟ್ ವೆಚ್ಚವಾಗುವುದು. ಕಡಲತಡಿಯವರಿಗೆ ಈ ಲೆಕ್ಕ ಬರಿಯ ಪರೀಕ್ಷೆಯ ವಿಷಯವಲ್ಲ. ಉಪ್ಪುಗಾಳಿಗೆ ತಾಮ್ರದ ಬೆಸುಗೆ ಕಿಲುಬುಗಟ್ಟಿ ಅರ್ಧ ಓಮ್ ಹೆಚ್ಚಿತೆಂದರೆ, ಹೆಚ್ಚುಕಡಮೆ 1 ವೋಲ್ಟ್ ಆ ಸಂದಿನಲ್ಲಿಯೇ ನಷ್ಟವಾಗುತ್ತದೆ.

ಹ್ಯಾಮ್‌ಗಳು ಬಹುವಾಗಿ ಬಳಸುವ 7.1 ಮೆಗಾಹರ್ಟ್ಸ್ ಕಂಪನಾಂಕವನ್ನು ತೆಗೆದುಕೊಳ್ಳೋಣ. 300ನ್ನು 7.1ರಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 42 ಮೀಟರ್. ಅದರರ್ಧ 21, ತಂತಿಯ ತುದಿಗಳ ಪ್ರಭಾವಕ್ಕಾಗಿ ನೂರಕ್ಕೆ ಐದು ಕಳೆದರೆ 20 ಮೀಟರ್. ಎರಡು ತೆಂಗಿನ ಮರಗಳ ನಡುವೆ ಅಷ್ಟು ತಂತಿಯನ್ನು ಕಟ್ಟಿ, ನಡುವೆ ಕತ್ತರಿಸಿ ಕೇಬಲ್ ಸೇರಿಸಿದರೆ ಆಂಟೆನಾ ಸಿದ್ಧ. ವಿದ್ಯುತ್ ಲೈನಿನ ಸಮೀಪ ಮಾತ್ರ ಕಟ್ಟಲಾಗದು. ಹಗಲಿನಲ್ಲಿ ವಾಯುಮಂಡಲದ ಅಯಾನುಗೋಲದ ಕೆಳಪದರ ಈ ತರಂಗವನ್ನು ಹೀರಿಕೊಳ್ಳುತ್ತದೆ. ಇರುಳಾಗುತ್ತಲೇ ಆ ಪದರ ಅಳಿದು, ಮೇಲಿನ ಪದರ ತರಂಗವನ್ನು ನೆಲಕ್ಕೆ ಮರಳಿಸುವುದರಿಂದ ಸಾವಿರಾರು ಮೈಲಿಯ ಕರೆ ಕೇಳಿಬರುತ್ತದೆ. ಮಧ್ಯೆ ತಂತಿಯೂ ಬೇಡ, ವಿನಿಮಯ ಕೇಂದ್ರವೂ ಬೇಡ. 2004ರ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನಿನ ದೂರವಾಣಿ ಕೆಟ್ಟಾಗ, ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಹ್ಯಾಮ್‌ಗಳೇ ಬದುಕುಳಿದವರ ಸುದ್ದಿಯನ್ನು ಹೊರನಾಡಿಗೆ ಮುಟ್ಟಿಸಿದರು.

ಮೋರ್ಸ್ ಲಿಪಿಯನ್ನು ಕನ್ನಡ ವಿದ್ಯಾರ್ಥಿ ಛಂದಸ್ಸಿನ ದಾರಿಯಿಂದ ಸುಲಭವಾಗಿ ಕಲಿಯಬಲ್ಲನು. ಚುಕ್ಕೆಯನ್ನು ಲಘುವೆಂದೂ ಗೀಟನ್ನು ಗುರುವೆಂದೂ ಹೇಳಿಕೊಡುವ ರೂಢಿ ತಪ್ಪು. ಗುರುವಿಗೆ ಎರಡು ಮಾತ್ರೆ, ಗೀಟಿಗೆ ಮೂರು. ಆದುದರಿಂದ ಅದು ಪ್ಲುತ. ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಭಾರತದ ಹ್ಯಾಮ್ ಕರೆಗಳ ಮೊದಲಲ್ಲಿ ಬರುವ ‘ವಿ’ಗೆ ಮೂರು ಲಘು, ಒಂದು ಪ್ಲುತ, ‘ಯು’ಗೆ ಎರಡು ಲಘು, ಒಂದು ಪ್ಲುತ.

ಕೇಂದ್ರ ಸರ್ಕಾರದ ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಇನ್ನೊಂದು ಎಚ್ಚರ: ಮುಂಗಾರಿಗೆ ಮುನ್ನ ಗುಡುಗು ದೂರದಲ್ಲಿ ಕೇಳುವ ಮೊದಲೇ, ಮೋಡ ಕಟ್ಟಿದೊಡನೆ ಆಂಟೆನಾದ ಕೇಬಲನ್ನು ಕಳಚಿ ಮನೆಯಿಂದ ಹೊರಗಿಡಬೇಕು.