ಹಿಡಿದರೂ ಬಿಡದ ಕ್ಲಚ್ಚು

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಡಾಂಬರು ರಸ್ತೆ ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣಿನ ಹಾದಿ. ಮಳೆಗಾಲದಲ್ಲಿ ಅದು ಕೆಸರಿನ ಹಾದಿ. ನಮ್ಮ ಮನೆಯ ಬೈಕು ದಿನಾ ಬೆಳಿಗ್ಗೆ ಎರಡು ಹಾಲಿನ ಕ್ಯಾನು ಹೊತ್ತು ಆ ಹಾದಿಯಲ್ಲೇ ಡೈರಿಗೆ ಹೋಗುತ್ತೆ.

ಒಂದು ದಿನ ಹಳ್ಳದ ಕಿರುಸೇತುವೆ ಹತ್ತಿರ ಶಾಲೆ ಮಕ್ಕಳು ಎದುರಾದರು. ಅಣ್ಣ ಬೈಕು ನಿಲ್ಲಿಸಿದ. ಗೇರು ಒಂದರಲ್ಲಿತ್ತು. ಕ್ಲಚ್ಚನ್ನು ಪೂರ್ತಿ ಹಿಡಿದಿದ್ದ. ಆದರೂ ಬೈಕು ನಿಲ್ಲಲಿಲ್ಲ. ಮುಂದಕ್ಕೆ ಎಳೆಯಿತು. ಅಣ್ಣ ಎರಡೂ ಬ್ರೇಕು ಒತ್ತಿದ. ಎಂಜಿನ್ನು ಜಗ್ಗಿ ಆಫಾಯಿತು. ಒಂದು ಕ್ಯಾನು ಉರುಳಿ ಹಾಲೆಲ್ಲ ಕೆಸರಿಗೆ ಹೋಯಿತು. ಮುಂದಿನ ಚಕ್ರಕ್ಕೂ ಒಂದು ಮಗುವಿಗೂ ಎರಡೇ ಗೇಣು ಅಂತರ ಇತ್ತು.

ಅಣ್ಣ ಮನೆಗೆ ಬಂದು ಜಗಲಿ ಮೇಲೆ ಸುಮ್ಮನೆ ಕೂತ. "ಹಾಲು ಹೋದ್ರೆ ಹೋಗ್ಲಿ. ಆ ಮಗು..." ಅಂದ. ಮುಂದೆ ಮಾತಾಡಲಿಲ್ಲ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಕೇಳಿದೆವು. ಬಿಚ್ಚಿ ನೋಡದೆಯೇ "ಕ್ಲಚ್ ಸೆಟ್ಟು ಪೂರ್ತಿ ಬದಲಿಸಬೇಕು" ಅಂದರು. ಅಷ್ಟು ಹಣ ನಮ್ಮ ಹತ್ತಿರ ಇರಲಿಲ್ಲ.

ಆ ರಾತ್ರಿ ಅತ್ತಿಗೆ ಟ್ರಂಕಿನಿಂದ ಒಂದು ಪುಸ್ತಕ ತೆಗೆದಳು. ಬೈಕಿನ ಜೊತೆ ಬಂದಿದ್ದ ಪುಸ್ತಕ ಅದು. ಎರಡು ವರ್ಷದಿಂದ ಯಾರೂ ತೆರೆದಿರಲಿಲ್ಲ. ಅತ್ತಿಗೆ ಆಗಷ್ಟೇ ಓದಲು ಕಲಿತಿದ್ದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾವೆಲ್ಲ ಸುತ್ತ ಕೂತು ಕೇಳಿದೆವು. ಅಲ್ಲಿಂದ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಕ್ಲಚ್ಚು ಏನು ಮಾಡುತ್ತೆ?

ನಿಮ್ಮ ಎರಡೂ ಅಂಗೈಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಒತ್ತಿ. ಈಗ ಒಂದು ಕೈಯನ್ನು ಸರಿಸಿ. ಇನ್ನೊಂದು ಕೈಯೂ ಜೊತೆಗೇ ಬರುತ್ತೆ. ಒತ್ತುವುದನ್ನು ಬಿಡಿ. ಈಗ ಒಂದು ಕೈ ಸರಿಸಿದರೆ ಇನ್ನೊಂದು ಅಲ್ಲೇ ಇರುತ್ತೆ. ಕ್ಲಚ್ಚು ಮಾಡುವ ಕೆಲಸ ಇಷ್ಟೇ.

ಕ್ಲಚ್ಚಿನಲ್ಲಿ ದುಂಡನೆಯ ಪ್ಲೇಟುಗಳಿವೆ. ಒಂದು ಒರಟು ಪ್ಲೇಟು, ಒಂದು ಉಕ್ಕಿನ ನುಣುಪು ಪ್ಲೇಟು, ಮತ್ತೆ ಒರಟು, ಮತ್ತೆ ನುಣುಪು. ರೊಟ್ಟಿ ಜೋಡಿಸಿದ ಹಾಗೆ ಒಂದರ ಮೇಲೊಂದು ಇರುತ್ತವೆ. ಒರಟು ಪ್ಲೇಟುಗಳು ಎಂಜಿನ್ನಿನ ಜೊತೆ ತಿರುಗುತ್ತವೆ. ನುಣುಪು ಪ್ಲೇಟುಗಳು ಗೇರಿನ ಕಡೆಗೆ ಸೇರಿವೆ. ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಿರುತ್ತವೆ. ಆಗ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತೆ.

ನಾವು ಕ್ಲಚ್ಚು ಹಿಡಿದಾಗ ಕೇಬಲ್ಲು ಎಳೆಯುತ್ತೆ. ಸ್ಪ್ರಿಂಗಿನ ಒತ್ತಡ ಬಿಡುತ್ತೆ. ಪ್ಲೇಟುಗಳು ಸಡಿಲ ಆಗುತ್ತವೆ. ಎತ್ತಿನ ಹೆಗಲಿನಿಂದ ನೊಗ ಇಳಿಸಿದ ಹಾಗೆ. ಆದರೆ ನೊಗ ಇಳಿಸಿದರೂ ಹಗ್ಗ ಸಿಕ್ಕಿಕೊಂಡಿದ್ದರೆ? ಎತ್ತು ಹೆಜ್ಜೆ ಇಟ್ಟರೆ ಗಾಡಿಯೂ ಹೊರಡುತ್ತೆ. ನಮ್ಮ ಬೈಕಿಗೆ ಆಗಿದ್ದೂ ಅದೇ. ಇದಕ್ಕೆ 'ಕ್ಲಚ್ಚು ಬಿಡುತ್ತಿಲ್ಲ' ಅಂತ ಹೇಳ್ತಾರೆ.

ಗುರುತಿಸುವುದು ಹೇಗೆ?

• ಕ್ಲಚ್ಚು ಹಿಡಿದಿದ್ದರೂ ಬೈಕು ಮುಂದಕ್ಕೆ ಎಳೆಯುತ್ತೆ.
• ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ.
• ಗೇರು ಹಾಕಿದಾಗ 'ಟಕ್' ಅಂತ ಜೋರು ಸದ್ದು ಬಂದು ಬೈಕು ಜಿಗಿಯುತ್ತೆ.

ಇದರ ಎದುರು ರೋಗವೂ ಇದೆ. ಎಂಜಿನ್ನು ಕೂಗುತ್ತೆ, ಬೈಕು ಏರು ಹತ್ತುವುದಿಲ್ಲ. ಅದು 'ಕ್ಲಚ್ಚು ಜಾರುವುದು'. ಎರಡೂ ಬೇರೆ ಬೇರೆ. ಮದ್ದೂ ಬೇರೆ.

ಕಡಿಮೆ ಖರ್ಚಿನದನ್ನು ಮೊದಲು ನೋಡೋಣ

1. ಲಿವರಿನ ಸಡಿಲ ಅಳೆಯಿರಿ. ಎಂಜಿನ್ ಆಫ್ ಮಾಡಿ. ಕ್ಲಚ್ ಲಿವರನ್ನು ಮೆಲ್ಲಗೆ ಎಳೆಯಿರಿ. ಬಿಗಿ ಸಿಗುವ ತನಕ ಲಿವರಿನ ತುದಿ ಎಷ್ಟು ದೂರ ಬರುತ್ತೆ ನೋಡಿ. ನಮ್ಮ ಪುಸ್ತಕದಲ್ಲಿ 10ರಿಂದ 20 ಮಿಲಿಮೀಟರ್ ಅಂತ ಇತ್ತು. ಮಗನ ಶಾಲೆಯ ಸ್ಕೇಲು ತಂದು ಅಳೆದೆವು. 35 ಮಿಲಿಮೀಟರ್ ಇತ್ತು! ಸಡಿಲ ಹೆಚ್ಚಾದರೆ ಕೇಬಲ್ಲು ಸಾಕಷ್ಟು ಎಳೆಯುವುದಿಲ್ಲ. ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ.

ಲಿವರಿನ ಬುಡದಲ್ಲಿ ಅಡ್ಜಸ್ಟರ್ ಇದೆ. ಅದರ ಲಾಕ್ ನಟ್ಟು ಸಡಿಲಿಸಿ. ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿದರೆ ಸಡಿಲ ಕಡಿಮೆ ಆಗುತ್ತೆ. ಸಾಲದಿದ್ದರೆ ಎಂಜಿನ್ನಿನ ಹತ್ತಿರ ಇನ್ನೊಂದು ಅಡ್ಜಸ್ಟರ್ ಇರುತ್ತೆ. ಸರಿ ಮಾಡಿದ ಮೇಲೆ ಲಾಕ್ ನಟ್ಟು ಮತ್ತೆ ಬಿಗಿಯಬೇಕು. ಸಡಿಲವನ್ನು ಪೂರ್ತಿ ತೆಗೆಯಬೇಡಿ. ತೆಗೆದರೆ ಕ್ಲಚ್ಚು ಜಾರಿ ಪ್ಲೇಟು ಸುಟ್ಟುಹೋಗುತ್ತೆ.

2. ಕೇಬಲ್ಲು ನೋಡಿ. ಮಳೆ, ಕೆಸರು ಸೇರಿ ಕೇಬಲ್ಲಿನ ಒಳಗೆ ತುಕ್ಕು ಹಿಡಿಯುತ್ತೆ. ನಮ್ಮ ಕೇಬಲ್ಲಿನ ತುದಿಯಲ್ಲಿ ನಾಲ್ಕೈದು ಎಳೆ ಕಿತ್ತುಹೋಗಿದ್ದವು. ಎಳೆ ಕಿತ್ತ ಕೇಬಲ್ಲನ್ನು ಉಳಿಸಬಾರದು. ಹೊಸದು ಹಾಕಿದೆವು. ಸಡಿಲ 15 ಮಿಲಿಮೀಟರಿಗೆ ಇಟ್ಟೆವು. ಎಳೆಯುವುದು ಅರ್ಧಕ್ಕರ್ಧ ಕಡಿಮೆ ಆಯಿತು.

3. ಎಣ್ಣೆ ನೋಡಿ. ನಮ್ಮ ಬೈಕಿನಂಥ ಬೈಕುಗಳಲ್ಲಿ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿ ತಿರುಗುತ್ತೆ. ಎಣ್ಣೆ ತೀರ ದಪ್ಪ ಇದ್ದರೆ ಪ್ಲೇಟುಗಳು ಅಂಟಿಕೊಳ್ಳುತ್ತವೆ. ಟ್ರ್ಯಾಕ್ಟರಿಗೆ ತಂದ ದಪ್ಪ ಎಣ್ಣೆ ಮನೆಯಲ್ಲಿ ಉಳಿದಿತ್ತು. ಅಣ್ಣ ಅದನ್ನೇ ಬೈಕಿಗೆ ಸುರಿದಿದ್ದ! ಪುಸ್ತಕದಲ್ಲಿ 10ಡಬ್ಲ್ಯು-30 ಎಣ್ಣೆ ಅಂತ ಬರೆದಿತ್ತು. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಇರಬಹುದು. ಡಬ್ಬಿ ಮೇಲಿನ ಸಂಖ್ಯೆ ಓದಿಯೇ ಕೊಳ್ಳಿ. ಬೈಕಿನ ಎಣ್ಣೆ ಡಬ್ಬಿ ಮೇಲೆ 'ಜಾಸೊ ಎಂ.ಎ.' ಅಥವಾ 'ಎಂ.ಎ.2' ಅಂತ ಇದ್ದರೆ ಅದು ಇಂಥ ಕ್ಲಚ್ಚಿಗೆ ಹೊಂದುತ್ತೆ. ಅಳತೆಗಿಂತ ಹೆಚ್ಚು ಹಾಕಬೇಡಿ. ಹಳೆ ಎಣ್ಣೆಯನ್ನು ಹಳ್ಳಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಗ್ಯಾರೇಜಿಗೆ ಕೊಡಿ.

ಬೈಕು ಬಹಳ ದಿನ ನಿಂತಿದ್ದರೂ ಪ್ಲೇಟುಗಳು ಅಂಟುತ್ತವೆ. ಆಗ ಎಂಜಿನ್ ಆಫ್ ಮಾಡಿ, ಗೇರು ಹಾಕಿ, ಕ್ಲಚ್ಚು ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ. ಪ್ಲೇಟುಗಳು ಬಿಡಿಸಿಕೊಳ್ಳುತ್ತವೆ.

ಸದ್ದು ಏನು ಹೇಳುತ್ತೆ?

ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿರಲಿ. ಕಿವಿಗೊಟ್ಟು ಕೇಳಿ.

ಕ್ಲಚ್ಚು ಬಿಟ್ಟಾಗ 'ಕಟಕಟ' ಸದ್ದು ಇದೆ, ಹಿಡಿದಾಗ ನಿಲ್ಲುತ್ತೆ. ಹಾಗಿದ್ದರೆ ಪ್ಲೇಟುಗಳು ಕೂರುವ ಬಟ್ಟಲು ಸವೆದಿರಬಹುದು, ಅದರ ರಿವೆಟ್ಟು ಅಥವಾ ಸ್ಪ್ರಿಂಗು ಸಡಿಲ ಆಗಿರಬಹುದು. ಕ್ಲಚ್ಚು ಹಿಡಿದಾಗ ಮಾತ್ರ 'ಗರಗರ' ಬರುತ್ತೆ. ಹಾಗಿದ್ದರೆ ಅಲ್ಲಿರುವ ಬೇರಿಂಗ್ ಹೋಗಿರಬಹುದು. ಸದ್ದು ದಿನದಿಂದ ದಿನಕ್ಕೆ ಹೆಚ್ಚಿದರೆ ಬೈಕು ಓಡಿಸಬೇಡಿ.

ಬಿಚ್ಚಿ ನೋಡಿದಾಗ

ಇಷ್ಟಾದರೂ ನಮ್ಮ ಕ್ಲಚ್ಚು ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಆಗ ಇನ್ನೊಬ್ಬ ಮೇಸ್ತ್ರಿಯ ಬಳಿ ಹೋದೆವು. "ನಮ್ಮ ಎದುರಿಗೇ ಬಿಚ್ಚಿ" ಅಂತ ಕೇಳಿದೆವು. ಅವರು ಬೇಸರ ಮಾಡಲಿಲ್ಲ.

ಮೇಸ್ತ್ರಿ ಎಣ್ಣೆ ಇಳಿಸಿ ಬಲಗಡೆಯ ಮುಚ್ಚಳ ತೆಗೆದರು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಪ್ಲೇಟುಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆ ಮೇಲೆ ಜೋಡಿಸಿಟ್ಟರು. ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ಅಂಚಿನಲ್ಲಿ ತೆಳು ಗೇಜು ತೂರಿಸಿದರು. ಸೊಟ್ಟ ಇದ್ದರೆ ಗೇಜು ಒಳಗೆ ಹೋಗುತ್ತೆ. ನಮ್ಮವು ನೇರವಾಗಿದ್ದವು. ಒರಟು ಪ್ಲೇಟುಗಳ ದಪ್ಪವೂ ಸರಿ ಇತ್ತು.

ತಪ್ಪು ಬಟ್ಟಲಿನಲ್ಲಿತ್ತು. ಒರಟು ಪ್ಲೇಟಿನ ಕಿವಿಗಳು ಬಡಿದು ಬಡಿದು ಬಟ್ಟಲಿನ ಸೀಳುಗಳಲ್ಲಿ ಕಚ್ಚು ಬಿದ್ದಿತ್ತು. ಬಾವಿಯ ಕಲ್ಲಿನಲ್ಲಿ ಹಗ್ಗದ ಗುರುತು ಬೀಳುತ್ತಲ್ಲ, ಹಾಗೆ. ಪ್ಲೇಟು ಸರಿಯಲು ಹೋದಾಗ ಆ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಚ್ಚು ಆಳ ಇರಲಿಲ್ಲ. ಮೇಸ್ತ್ರಿ ಬಟ್ಟಲನ್ನು ಹೊರಗೆ ತೆಗೆದು ಅರದಿಂದ ಉಜ್ಜಿ ನುಣುಪು ಮಾಡಿದರು. ಲೋಹದ ಪುಡಿ ಉಳಿಯದ ಹಾಗೆ ತೊಳೆದರು. ಆಳ ಇದ್ದಿದ್ದರೆ ಬಟ್ಟಲನ್ನೇ ಬದಲಿಸಬೇಕಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರು.

ಖರ್ಚಾಗಿದ್ದು ಕೇಬಲ್ಲು, ಎಣ್ಣೆ, ಗ್ಯಾಸ್ಕೆಟ್ಟು ಮತ್ತು ಮೇಸ್ತ್ರಿಯ ಕೂಲಿ. ಕ್ಲಚ್ ಸೆಟ್ಟು ಕೊಳ್ಳಲೇ ಇಲ್ಲ. ಸಣ್ಣ ಸದ್ದು ಒಂದು ಉಳಿದಿದೆ. ರಿವೆಟ್ಟು, ನಟ್ಟು ಎಲ್ಲ ಬಿಗಿ ಇವೆ ಅಂತ ಮೇಸ್ತ್ರಿ ತೋರಿಸಿದ್ದಾರೆ. ಅದು ಹೆಚ್ಚುತ್ತಾ ಅಂತ ಗಮನ ಇಟ್ಟಿದ್ದೇವೆ.

ಈಗಲೂ ಕಿರುಸೇತುವೆ ಹತ್ತಿರ ಮಕ್ಕಳು ಬಂದರೆ ಅಣ್ಣ ಬೈಕು ನಿಲ್ಲಿಸುತ್ತಾನೆ. ಆದರೆ ಕ್ಲಚ್ಚನ್ನೇ ನಂಬಿ ನಿಲ್ಲುವುದಿಲ್ಲ. ನ್ಯೂಟ್ರಲ್ ಮಾಡಿ, ಬ್ರೇಕು ಹಿಡಿದು ನಿಲ್ಲುತ್ತಾನೆ. ಮಕ್ಕಳು ಕೈ ಬೀಸಿ ಹೋಗುತ್ತಾರೆ.

ನೆನಪಿಡಿ

• ಮೊದಲು ಸಡಿಲ, ಆಮೇಲೆ ಕೇಬಲ್ಲು, ಆಮೇಲೆ ಎಣ್ಣೆ. ಬಿಚ್ಚುವುದು ಕೊನೆಗೆ.
• ಎಂಜಿನ್ ಓಡುವಾಗ ಚೈನು, ಚಕ್ರದ ಹತ್ತಿರ ಸೆರಗು, ಪಂಚೆ, ಬೆರಳು ಬೇಡ.
• ಕೆಸರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಬಹಳ ಹೊತ್ತು ಓಡಿಸಬೇಡಿ. ಪ್ಲೇಟು ಕಾಯುತ್ತೆ, ಬೇಗ ಸವೆಯುತ್ತೆ.
• ಹೊಸ ಒರಟು ಪ್ಲೇಟು ಹಾಕುವ ಮೊದಲು ಎಣ್ಣೆಯಲ್ಲಿ ನೆನೆಸಿಡಬೇಕು.

ಪ್ರಶ್ನೆಗಳು

1. ಕ್ಲಚ್ಚು ಬಿಡದಿದ್ದರೆ ಯಾವ ಅಪಾಯ ಇದೆ?
2. ಲಿವರಿನ ಸಡಿಲ ಎಷ್ಟಿರಬೇಕು ಅಂತ ನಮ್ಮ ಪುಸ್ತಕದಲ್ಲಿತ್ತು?
3. ಕ್ಲಚ್ಚು ಹಿಡಿದಾಗ ಮಾತ್ರ ಸದ್ದು ಬಂದರೆ ಏನು ಹಾಳಾಗಿರಬಹುದು?
4. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಬೈಕು ಇದೆಯೇ? ಅದರ ಪುಸ್ತಕ ತೆಗೆದು ಎಣ್ಣೆಯ ಸಂಖ್ಯೆ ಓದಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ.