ಪರೀಕ್ಷೆಯಾದ ಮೇಲಿನ ಪರೀಕ್ಷೆ

ಪರೀಕ್ಷೆಯ ಕಡೆಯ ಗಂಟೆ ಬಾರಿಸಿದ ಮೇಲೆ ಶಾಲೆಯ ಜಗಲಿಯಲ್ಲಿ ಇನ್ನೊಂದು ಪರೀಕ್ಷೆಯು ನಡೆಯುವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳ ಹುಡುಗಿಯರು ರೈಲಿನ ಹೊತ್ತಾಗುವವರೆಗೂ, ಚಿಂಚೋಳಿಯ ಕಡೆಯವರು ಬೋರ್ಡಿಂಗಿನ ಊಟದ ಗಂಟೆಯಾಗುವವರೆಗೂ, ಪ್ರಶ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದು "ನೀನೇನು ಬರೆದೆ?" ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತಿರುವರು. ಆ ಜಗಲಿಯಲ್ಲಿ ನಾನು ಕಲಿತ ಪಾಠವೊಂದನ್ನು ಇಲ್ಲಿ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಪೂರ್ವಸಿದ್ಧತಾ ಪರೀಕ್ಷೆಯ ರಸಾಯನ ಭಾಗದಲ್ಲಿ ಒಂದು ಪ್ರಶ್ನೆಯಿದ್ದಿತು: 100 ಗ್ರಾಂ ಶುದ್ಧವಾದ ಸುಣ್ಣದ ಕಲ್ಲನ್ನು ತೆರೆದ ಪಾತ್ರೆಯಲ್ಲಿ ಪೂರ್ಣವಾಗಿ ಸುಟ್ಟರೆ ಉಳಿಯುವ ಘನಪದಾರ್ಥದ ತೂಕವೆಷ್ಟು? ಬಹುಮಂದಿ 100 ಗ್ರಾಂ ಎಂದು ಬರೆದಿದ್ದರು. ದ್ರವ್ಯವು ನಾಶವಾಗುವುದಿಲ್ಲವೆಂಬ ನಿಯಮವೇ ಅವರ ಆಧಾರ. ಒಬ್ಬಳು ಮಾತ್ರ 56 ಗ್ರಾಂ ಎಂದಳು. "ಹಾಗಾದರೆ ನಿನ್ನ 44 ಗ್ರಾಂ ಎಲ್ಲಿ ಹೋತು?" ಎಂದು ಉಳಿದವರು ನಕ್ಕರು. ತನ್ನ ಅಜ್ಜಿ ಸುಣ್ಣದ ಭಟ್ಟಿಯಲ್ಲಿ ಬುಟ್ಟಿ ಹೊತ್ತವಳೆಂದೂ, ಹಸಿ ಕಲ್ಲಿಗಿಂತ ಸುಟ್ಟ ಕಲ್ಲು ಹಗುರವೆಂದು ಅವಳು ಹೇಳುತ್ತಿದ್ದಳೆಂದೂ ಆ ಹುಡುಗಿ ಮೆಲ್ಲನೆ ನುಡಿದಳು. ನಗು ಇನ್ನೂ ಹೆಚ್ಚಿತು. ಹಾದುಹೋಗುತ್ತಿದ್ದ ನಾನು ವಿಷಯವನ್ನು ಕೇಳಿ ತಿಳಿಯದೆ, "ಸಾಕು, ಹೋಗಿ ನಾಳಿನ ಗಣಿತವನ್ನು ಓದಿರಿ" ಎಂದು ಗದರಿಬಿಟ್ಟೆನು. ಮರುದಿನ ಅವಳು ಕೆಂಪಾದ ಕಣ್ಣುಗಳಿಂದ ಬಂದು ಗಣಿತವನ್ನು ಅರ್ಧಕ್ಕೇ ಬಿಟ್ಟಳು.

ಸರಿಯಾದ ಉತ್ತರವು ಅವಳದೇ. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಅದರಲ್ಲಿ ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ 48; ಒಟ್ಟು 100 ಭಾಗ. ಕಲ್ಲನ್ನು ಸುಟ್ಟಾಗ 44 ಭಾಗವು ಇಂಗಾಲದ ಡೈಆಕ್ಸೈಡ್ ವಾಯುವಾಗಿ ಹೊರಟುಹೋಗಿ, 56 ಭಾಗ ಸುಟ್ಟ ಸುಣ್ಣವು ಉಳಿಯುವುದು. ಎರಡನ್ನೂ ಕೂಡಿಸಿದರೆ ಮತ್ತೆ 100. ಆದುದರಿಂದ ನಿಯಮವೂ ಸುಳ್ಳಲ್ಲ, ಅಜ್ಜಿಯ ಮಾತೂ ಸುಳ್ಳಲ್ಲ. ಪಾತ್ರೆಯು ತೆರೆದದ್ದೆಂಬುದನ್ನು ಉಳಿದವರು ಮರೆತಿದ್ದರು, ಅಷ್ಟೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು ಇಂತಹ ಪದಾರ್ಥಗಳಲ್ಲಿ ಸೆರೆಯಾಗಿರುವ ವಾಯುವನ್ನು ತಕ್ಕಡಿಯ ಸಹಾಯದಿಂದಲೇ ಕಂಡುಹಿಡಿದು 1756ರಲ್ಲಿ ಪ್ರಕಟಿಸಿದನು. ಅವನು ಹಲವರ ಅಭಿಪ್ರಾಯವನ್ನು ಎಣಿಸಲಿಲ್ಲ. ಸುಡುವ ಮೊದಲೂ ಸುಟ್ಟ ಮೇಲೂ ತೂಗಿದನು.

ಪರೀಕ್ಷೆಗಳು ಮುಗಿದ ಮೇಲೆ ನಾವೂ ಹಾಗೆಯೇ ಮಾಡಿದೆವು. ಶಹಾಬಾದ ಕಲ್ಲಿನ ಚೂರೊಂದನ್ನು ತೂಗಿ, ಮೂಸೆಯಲ್ಲಿಟ್ಟು ಬಹಳ ಹೊತ್ತು ಕಾಯಿಸಿ, ತೇವ ತಗಲದಂತೆ ಆರಿಸಿ ಮತ್ತೆ ತೂಗಿದೆವು. ಭಟ್ಟಿಯಲ್ಲಿ ಕಲ್ಲು ಬೇಯಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಬರ್ನರಿನ ಉರಿಗೆ ಅದು ಪೂರ್ತಿ ಬೇಯಲಿಲ್ಲ. ಮೇಲಾಗಿ ನಮ್ಮ ಸೀಮೆಯ ಕಲ್ಲಿನಲ್ಲಿ ಮರಳು, ಜೇಡಿಗಳ ಅಂಶವೂ ಬೆರೆತಿರುವುದರಿಂದ 44ರಷ್ಟು ಇಳಿಯುವಂತೆಯೂ ಇರಲಿಲ್ಲ. ಆದರೂ ತೂಕವು ಇಳಿದುದನ್ನು ನಕ್ಕವರೆಲ್ಲರೂ ಕಣ್ಣಾರೆ ಕಂಡರು. ನಾನು ಎಲ್ಲರ ಮುಂದೆ ಅವಳ ಕ್ಷಮೆಯನ್ನು ಕೇಳಿದೆನು. ಆದರೆ ಕಳೆದುಹೋದ ಗಣಿತದ ಅಂಕಗಳನ್ನು ನಾನು ತಂದುಕೊಡಲಾರದಾದೆನು.

ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಗಳು ಪರೀಕ್ಷೆಯಿಂದ ಬಂದೊಡನೆ "ಎಷ್ಟು ಅಂಕ ಬರುವುದು?" ಎಂದು ಕೇಳಬೇಡಿರಿ, ಮೊದಲು ಊಟಕ್ಕಿಡಿರಿ. ಉತ್ತರಗಳನ್ನು ಹೋಲಿಸುವುದು ತಪ್ಪಲ್ಲ, ಆದರೆ ಅದು ಕಡೆಯ ಪತ್ರಿಕೆಯಾದ ಮೇಲಾಗಲಿ. ಹೋಲಿಸುವಾಗ "ಏನು ಬರೆದೆ?" ಎಂಬುದಕ್ಕಿಂತ "ಹೇಗೆ ಬಂದಿತು?" ಎಂಬುದನ್ನೇ ಕೇಳುವ ರೂಢಿಯಾಗಲಿ. ಈಗ ಪರೀಕ್ಷಾ ಮಂಡಳಿಯವರು ಮಾದರಿ ಉತ್ತರಗಳನ್ನು ಪ್ರಕಟಿಸುವರು, ಉತ್ತರಪತ್ರಿಕೆಯ ನಕಲನ್ನೂ ಪಡೆಯಬಹುದು. ಉತ್ತರವು ಅಲ್ಲಿ ದೊರೆತರೂ ಕಾರಣವನ್ನು ಮಕ್ಕಳೇ ಹುಡುಕಬೇಕು.

ಸುಳ್ಳು ತಕ್ಕಡಿಯು ದೇವರಿಗೆ ಮೆಚ್ಚಿಗೆಯಲ್ಲವೆಂದು ಜ್ಞಾನೋಕ್ತಿಗಳಲ್ಲಿ ನಾವು ಕಲಿತಿದ್ದೇವೆ. ಹತ್ತು ಮಂದಿಯ ನಗೆಯೂ ಅಂತಹ ಒಂದು ತಕ್ಕಡಿಯೇ. ಒಬ್ಬಳೇ ನಿಂತಿರುವ ಹುಡುಗಿಯ ಮಾತನ್ನು ತೂಗಿ ನೋಡುವ ತಾಳ್ಮೆಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.